ಹಳೆಯ ಯಂತ್ರ, ಹೊಸ ವ್ಯವಸ್ಥೆ, ನಡುವೆ ಒಬ್ಬ ದುಭಾಷಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ – ಈ ಐದು ತಾಲ್ಲೂಕುಗಳ ಯಾವುದಾದರೂ ಕಾಲೇಜಿನಲ್ಲಿ ನೀವು ಓದುತ್ತಿದ್ದರೆ, ನಿಮ್ಮ ಲ್ಯಾಪ್‌ಟಾಪ್ ಹೊಚ್ಚಹೊಸದಾಗಿರಬೇಕೆಂದೇನೂ ಇಲ್ಲ. ಅಣ್ಣನೋ ಅಕ್ಕನೋ ಓದುವಾಗ ಬಳಸಿದ್ದಾಗಿರಬಹುದು. ಹೊಸಪೇಟೆಯಲ್ಲೋ ದಾವಣಗೆರೆಯಲ್ಲೋ ಸೆಕೆಂಡ್ ಹ್ಯಾಂಡ್ ಕೊಂಡದ್ದಾಗಿರಬಹುದು. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಆದ್ದರಿಂದ ಇಂಥ ಹಳೆಯ ಯಂತ್ರಗಳಿಗೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಳ್ಳುವ ಪ್ರಶ್ನೆ ಈಗ ಮನೆಮನೆಯದಾಗಿದೆ.

ಹೊಸ ವ್ಯವಸ್ಥೆ ಹಾಕಿದ ಮೇಲೆ ಏನಾಗುತ್ತದೆ? ಕೆಲವರಿಗೆ ಎಲ್ಲವೂ ಸರಾಗ. ಇನ್ನು ಕೆಲವರಿಗೆ ಪರದೆಯ ಅಕ್ಷರಗಳು ಕಡಲೆಕಾಯಿಯಷ್ಟು ದಪ್ಪ. ಹಾಡು ಹಾಕಿದರೆ ಸದ್ದಿಲ್ಲ. ಪಕ್ಕದ ಮೊಬೈಲಿಗೆ ಸಿಗುವ ವೈ-ಫೈ ಲ್ಯಾಪ್‌ಟಾಪಿಗೆ ಕಾಣುವುದೇ ಇಲ್ಲ. ‘ಯಂತ್ರ ಕೆಟ್ಟಿತು, ಹೊಸದು ಕೊಳ್ಳಬೇಕು’ ಎಂದು ಹೆದರಿಸುವವರೂ ಸಿಗುತ್ತಾರೆ. ಆದರೆ ನಿನ್ನೆ ಹಾಡುತ್ತಿದ್ದ ಸ್ಪೀಕರ್ ಒಂದೇ ರಾತ್ರಿಯಲ್ಲಿ ಸುಟ್ಟುಹೋಗಿಲ್ಲ. ಕಾಣೆಯಾಗಿರುವುದು ಡ್ರೈವರ್, ಅಂದರೆ ಚಾಲಕ ತಂತ್ರಾಂಶ. ಅದು ಏಕೆ ಕಾಣೆಯಾಗುತ್ತದೆ ಎಂಬುದಕ್ಕೆ ಅರ್ಧ ಶತಮಾನದ ಇತಿಹಾಸವಿದೆ. ಆ ಇತಿಹಾಸ ತಿಳಿದರೆ ಹುಡುಕುವ ದಾರಿಯೂ ತಿಳಿಯುತ್ತದೆ.

ಕೊಟ್ಟೂರಿನ ಹಳಿಯಿಂದ ಒಂದು ಪಾಠ

ಹೊಸಪೇಟೆಯಿಂದ ಕೊಟ್ಟೂರಿಗೆ ಬ್ರಿಟಿಷರ ಕಾಲದಲ್ಲಿ ಹಾಕಿದ್ದು ಮೀಟರ್ ಗೇಜ್ ಹಳಿ. ಎರಡು ಕಂಬಿಗಳ ನಡುವಣ ಅಂತರ 1000 ಮಿಲಿಮೀಟರ್. ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆಯನ್ನು ಭಾರತೀಯ ರೈಲ್ವೆ 1992ರಲ್ಲಿ ಕೈಗೆತ್ತಿಕೊಂಡಿತು. ಮುಂದೆ ಈ ಹಳಿಯೂ ಬ್ರಾಡ್ ಗೇಜ್ ಆಯಿತು. ಅಂತರ 1676 ಮಿಲಿಮೀಟರಿಗೆ ಏರಿತು. ಇಂದು ಅದೇ ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ದಾಟಿ ಹರಿಹರ ಮುಟ್ಟುತ್ತದೆ.

ಗೇಜ್ ಬದಲಾದ ದಿನ ಹಳೆಯ ಮೀಟರ್ ಗೇಜ್ ಡಬ್ಬಿಯಲ್ಲಿ ಯಾವ ದೋಷವೂ ಇರಲಿಲ್ಲ. ಆಸನ ಗಟ್ಟಿ, ಬಾಗಿಲು ಗಟ್ಟಿ, ಗಾಲಿಯೂ ಗಟ್ಟಿ. ಆದರೂ ಅದು ಹೊಸ ಹಳಿಯ ಮೇಲೆ ನಿಲ್ಲಲಾರದು. ಲ್ಯಾಪ್‌ಟಾಪಿನ ಸ್ಪೀಕರ್, ವೈ-ಫೈ ಚಿಪ್, ಪರದೆ ಇವೆಲ್ಲ ಡಬ್ಬಿಗಳು. ಕಾರ್ಯಾಚರಣ ವ್ಯವಸ್ಥೆಯೇ ಹಳಿ. ಇವೆರಡರ ನಡುವಣ ಗಾಲಿ ಎಂದರೆ ಡ್ರೈವರ್. ಹಳಿಯ ಅಳತೆ ಬದಲಾದರೆ ಗಾಲಿಯೂ ಬದಲಾಗಬೇಕು.

ಕೆಲಸದ ದೃಷ್ಟಿಯಿಂದ ಡ್ರೈವರನ್ನು ದುಭಾಷಿ ಎನ್ನುವುದು ಇನ್ನೂ ಸರಿ. ‘ಈ ಪುಟವನ್ನು ಮುದ್ರಿಸು’ ಎಂದು ವ್ಯವಸ್ಥೆ ತನ್ನ ಭಾಷೆಯಲ್ಲಿ ಹೇಳುತ್ತದೆ. ಡ್ರೈವರ್ ಅದನ್ನು ಆ ಪ್ರಿಂಟರಿಗೆ ಮಾತ್ರ ಅರ್ಥವಾಗುವ ಸಂಕೇತಗಳಿಗೆ ತಿರುಗಿಸುತ್ತದೆ. ಕಾಗದ ಮುಗಿದಿದ್ದರೆ ಆ ಸುದ್ದಿಯನ್ನು ಮರಳಿ ತಂದು ಹೇಳುವುದೂ ಅದರ ಕೆಲಸವೇ.

ದುಭಾಷಿ ಹುಟ್ಟಿದ ಬಗೆ

ಮೊದಮೊದಲು ಪ್ರತಿ ಪ್ರೋಗ್ರಾಮೂ ಯಂತ್ರದೊಡನೆ ತಾನೇ ನೇರವಾಗಿ ಮಾತಾಡಬೇಕಿತ್ತು. ಯಂತ್ರ ಬದಲಾದರೆ ಪ್ರೋಗ್ರಾಮನ್ನೇ ತಿರುಗಿ ಬರೆಯಬೇಕು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆ ಒಂದು ಜಾಣತನ ಮಾಡಿತು. ಪ್ರತಿ ಸಾಧನವನ್ನೂ ಅದು ಒಂದು ಕಡತದಂತೆ ಕಂಡಿತು. ಕಡತಕ್ಕೆ ಬರೆದಂತೆ ಪ್ರಿಂಟರಿಗೂ ಬರೆಯಬಹುದು. ಒಳಗಿನ ಅನುವಾದ ಡ್ರೈವರಿನ ಹೊಣೆ. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ತಮ್ಮ ಸಿಪಿ/ಎಂ ವ್ಯವಸ್ಥೆಯಲ್ಲಿ ಯಂತ್ರಕ್ಕೆ ತಕ್ಕಂತೆ ಬದಲಾಗಬೇಕಾದ ಭಾಗವನ್ನೆಲ್ಲ ಒಂದೆಡೆ ಪ್ರತ್ಯೇಕಿಸಿದರು. ಅದಕ್ಕೆ ಅವರಿಟ್ಟ ಬಯಾಸ್ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

1981ರಲ್ಲಿ ಐಬಿಎಂ ಪಿಸಿ ಬಂದಿತು. ಡ್ರೈವರನ್ನು ಹೊರಗಿನಿಂದ ತಂದು ಸೇರಿಸುವ ಅನುಕೂಲ 1983ರ ಎಂಎಸ್-ಡಾಸ್ 2.0ರಲ್ಲಿ ದೊರೆಯಿತು. ಆದರೂ ವರ್ಡ್‌ಸ್ಟಾರ್, ವರ್ಡ್‌ಪರ್ಫೆಕ್ಟ್‌ನಂಥ ಪ್ರೋಗ್ರಾಮುಗಳು ತಮ್ಮ ತಮ್ಮ ಪ್ರಿಂಟರ್ ಡ್ರೈವರುಗಳನ್ನು ತಾವೇ ಹೊತ್ತು ತರುತ್ತಿದ್ದವು. 1990ರ ವಿಂಡೋಸ್ 3.0 ಜನಪ್ರಿಯವಾದ ಮೇಲೆ ಈ ಹೊರೆ ಪ್ರೋಗ್ರಾಮಿನ ತಲೆಯಿಂದ ವ್ಯವಸ್ಥೆಯ ತಲೆಗೆ ವರ್ಗವಾಯಿತು. 1995ರ ವಿಂಡೋಸ್ 95, ಸಾಧನ ಜೋಡಿಸಿದೊಡನೆ ಅದನ್ನು ತಾನೇ ಗುರುತು ಹಿಡಿಯುವ ಭರವಸೆ ನೀಡಿತು.

ಒಂದು ಪ್ರಿಂಟರ್ ಎಬ್ಬಿಸಿದ ಪ್ರಶ್ನೆ

ಈ ಕಥೆಯ ನಡುವೆ 1980ರ ಸುಮಾರಿನ ಒಂದು ಘಟನೆ ಗಮನಾರ್ಹ. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂದಿತು. ಅದರಲ್ಲಿ ಕಾಗದ ಆಗಾಗ್ಗೆ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ಅಲ್ಲಿನ ರಿಚರ್ಡ್ ಸ್ಟಾಲ್‌ಮನ್ ತಿದ್ದಿದ್ದರು. ಹೀಗಾಗಿ ತೊಂದರೆಯಾದಾಗ ಬಳಕೆದಾರರಿಗೆ ತಾನಾಗಿಯೇ ಸೂಚನೆ ಹೋಗುತ್ತಿತ್ತು. ಹೊಸದರ ಮೂಲ ಸಂಕೇತ ಅವರಿಗೆ ಸಿಗಲಿಲ್ಲ. ಅದನ್ನು ಹೊಂದಿದ್ದ ಬೇರೊಬ್ಬ ಸಂಶೋಧಕರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿರುವುದಾಗಿ ಉತ್ತರ ಬಂತು.

ಕಾಗದ ಸಿಕ್ಕಿಕೊಂಡದ್ದು ಸಣ್ಣ ತೊಂದರೆ. ‘ನನ್ನೆದುರಿಗಿರುವ ಯಂತ್ರದ ಭಾಷೆ ನನಗೇ ಗುಟ್ಟೇಕೆ?’ ಎಂಬ ಪ್ರಶ್ನೆ ಮಾತ್ರ ಸಣ್ಣದಲ್ಲ. ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಹಿಂದೆ ಇಂಥ ಅನುಭವಗಳಿದ್ದವು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಗಣಕಕ್ಕೆಂದು ಬರೆಯತೊಡಗಿದ ಲಿನಕ್ಸ್ ಈ ಹಾದಿಗೆ ಬಂದು ಕೂಡಿತು. ಲಿನಕ್ಸಿನಲ್ಲಿ ಬಹುಪಾಲು ಡ್ರೈವರುಗಳು ವ್ಯವಸ್ಥೆಯ ತಿರುಳಿನೊಳಗೇ, ಎಲ್ಲರೂ ಓದಬಹುದಾದ ರೂಪದಲ್ಲಿ ಇರುತ್ತವೆ. ಹಳಿಯ ಅಳತೆ ಬದಲಿಸುವವರೇ ಅಲ್ಲಿರುವ ಗಾಲಿಗಳನ್ನೂ ಬದಲಿಸಿಕೊಡುತ್ತಾರೆ. ತಯಾರಕರು ಮರೆತುಬಿಟ್ಟ ಹಳೆಯ ಲ್ಯಾಪ್‌ಟಾಪ್ ಎಷ್ಟೋ ಸಲ ಲಿನಕ್ಸಿನಲ್ಲಿ ಕಣ್ಣು ಬಿಡುವುದು ಇದರಿಂದಲೇ. ಆದರೆ ಅಲ್ಲಿಯೂ ಅಮರಪಟ್ಟವಿಲ್ಲ. ಲಿನಕ್ಸ್ ಹುಟ್ಟಿದ 386 ಚಿಪ್ಪಿಗೇ 2013ರ 3.8ನೆಯ ಆವೃತ್ತಿಯಲ್ಲಿ ಬೆಂಬಲ ನಿಂತುಹೋಯಿತು.

ಸಂಬಂಧ ಹರಿದ ವರ್ಷ

ವಿಂಡೋಸ್ ಲೋಕದಲ್ಲಿ ದೊಡ್ಡ ಗೇಜ್ ಬದಲಾವಣೆ ನಡೆದದ್ದು 2007ರಲ್ಲಿ, ವಿಸ್ಟಾ ಬಂದಾಗ. ಪರದೆಯ ಚಿತ್ರ ಮೂಡಿಸುವ ಡ್ರೈವರುಗಳ ರಚನೆಯೇ ಬೇರೆಯಾಯಿತು. ವಿಸ್ಟಾದ 64 ಬಿಟ್ ಆವೃತ್ತಿಯಂತೂ ವ್ಯವಸ್ಥೆಯ ತಿರುಳಿನೊಳಗೆ ಕೆಲಸ ಮಾಡುವ ಪ್ರತಿ ಡ್ರೈವರಿಗೂ ಡಿಜಿಟಲ್ ಸಹಿ ಬೇಕೆಂದು ಪಟ್ಟು ಹಿಡಿಯಿತು. ತಿರುಳಿನೊಳಗೆ ನುಗ್ಗಿದ ತಪ್ಪು ಡ್ರೈವರ್ ಇಡೀ ಯಂತ್ರವನ್ನೇ ಉರುಳಿಸಬಲ್ಲದಾದ್ದರಿಂದ ಈ ಕಟ್ಟುನಿಟ್ಟಿಗೆ ಅರ್ಥವಿತ್ತು. ಇದರ ಮೇಲೆ, 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸಿನಲ್ಲಿ ನಡೆಯುವುದೇ ಇಲ್ಲ. ಚೆನ್ನಾಗಿದ್ದ ಎಷ್ಟೋ ಪ್ರಿಂಟರುಗಳು, ಸ್ಕ್ಯಾನರುಗಳು ಹೀಗೆ ಮೂಲೆ ಸೇರಿದವು.

ತಯಾರಕರು ಹೊಸ ಡ್ರೈವರ್ ಬರೆದುಕೊಡಬಹುದಿತ್ತಲ್ಲವೇ? ಬರೆಯಬಹುದಿತ್ತು. ಆದರೆ ಐದು ವರ್ಷದ ಹಿಂದೆ ಮಾರಿದ ಪ್ರಿಂಟರಿಗೆ ಇಂದು ಡ್ರೈವರ್ ಬರೆದರೆ ಕಂಪನಿಗೆ ಹಣ ಬರುವುದಿಲ್ಲ. ಬರೆಯದಿದ್ದರೆ ಹೊಸ ಪ್ರಿಂಟರ್ ಮಾರಾಟವಾದೀತು. ವಿದ್ಯಾರ್ಥಿ ಮಿತ್ರರೇ, ಇದನ್ನು ನೆನಪಿಡಿ. ಹಳೆಯ ಸಾಧನದ ಆಯುಸ್ಸನ್ನು ಹಲವು ಬಾರಿ ನಿರ್ಧರಿಸುವುದು ಅದರ ಲೋಹ, ಪ್ಲಾಸ್ಟಿಕ್ಕುಗಳಲ್ಲ. ದುಭಾಷಿಗೆ ಸಂಬಳ ಕೊಡುವವರು ಯಾರು ಎಂಬ ಲೆಕ್ಕ. ದೂರದರ್ಶನದ ಸಂಕಲನ ಕೊಠಡಿಗಳಲ್ಲಿಯೂ ಇದನ್ನು ಕಾಣಬಹುದು. ಟೇಪಿನಿಂದ ಗಣಕಕ್ಕೆ ದೃಶ್ಯ ಇಳಿಸುವ ಒಂದು ಕಾರ್ಡಿಗೆ ಹೊಸ ಡ್ರೈವರ್ ಇಲ್ಲವೆಂಬ ಕಾರಣಕ್ಕೇ, ಹಳೆಯ ವ್ಯವಸ್ಥೆಯ ಗಣಕವೊಂದನ್ನು ಜೋಪಾನವಾಗಿ ಕಾಯ್ದಿಡುವುದುಂಟು.

2009ರ ವಿಂಡೋಸ್ 7 ಬಹುಮಟ್ಟಿಗೆ ವಿಸ್ಟಾದ ಹಳಿಯನ್ನೇ ಉಳಿಸಿಕೊಂಡಿತು. ಅಷ್ಟರ ಮಟ್ಟಿಗೆ ಗೊಂದಲ ತಗ್ಗಿತು. 2015ರ ವಿಂಡೋಸ್ 10ರಲ್ಲಿಯೂ ವಿಂಡೋಸ್ 7ರ ಎಷ್ಟೋ ಡ್ರೈವರುಗಳು ನಡೆದವು. 2021ರ ವಿಂಡೋಸ್ 11 ಮಾತ್ರ 64 ಬಿಟ್ ಯಂತ್ರಗಳಿಗಷ್ಟೇ ಸೀಮಿತವಾಯಿತು. ಅದು ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ ಕೇಳಿತು. ಚೆನ್ನಾಗಿ ಓಡುತ್ತಿದ್ದ ಅನೇಕ ಲ್ಯಾಪ್‌ಟಾಪುಗಳು ಅದರ ಬಾಗಿಲಲ್ಲೇ ನಿಂತವು.

ಪಹಣಿಯೂ ಕನ್ನಡದ ಅಕ್ಷರವೂ

ಇದೆಲ್ಲ ಎಲ್ಲೋ ದೂರದ ಕಥೆ ಎಂದುಕೊಳ್ಳಬೇಡಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿ ಹೋಗಿ, ತಾಲ್ಲೂಕು ಕಚೇರಿಯಲ್ಲಿ ಮುದ್ರಿತ ಪಹಣಿ ಬಂತು. ಕೊಟ್ಟೂರು ಆಗಿನ್ನೂ ಕೂಡ್ಲಿಗಿ ತಾಲ್ಲೂಕಿನೊಳಗಿತ್ತು. ಅಲ್ಲಿಯ ರೈತನೂ ಕೂಡ್ಲಿಗಿಯ ಕಚೇರಿಗೇ ಹೋಗಬೇಕು. ಸರದಿಯಲ್ಲಿ ನಿಂತ ರೈತನಿಗೆ ಡ್ರೈವರ್ ಎಂಬ ಪದ ಗೊತ್ತಿರಬೇಕಿಲ್ಲ. ಆದರೆ ಗಣಕಕ್ಕೂ ಪ್ರಿಂಟರಿಗೂ ಮಾತು ನಿಂತರೆ ಅವನ ಸಾಲದ ಅರ್ಜಿಯೂ ನಿಲ್ಲುತ್ತದೆ.

ಕನ್ನಡದ ಅಕ್ಷರಗಳೂ ಇಂಥದೇ ಕಷ್ಟ ಪಟ್ಟಿವೆ. 1990ರ ದಶಕದಲ್ಲಿ ಒಂದೊಂದು ಕನ್ನಡ ತಂತ್ರಾಂಶಕ್ಕೂ ಅದರದೇ ಸಂಕೇತ. ‘ಕ’ ಅಕ್ಷರಕ್ಕೆ ಒಂದರಲ್ಲಿ ಒಂದು ಸಂಖ್ಯೆ, ಇನ್ನೊಂದರಲ್ಲಿ ಮತ್ತೊಂದು. ಒಂದು ಗಣಕದಲ್ಲಿ ಬರೆದ ಪತ್ರ ಮತ್ತೊಂದರಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವು ಬೆರಳಚ್ಚನ್ನು ಸುಲಭಗೊಳಿಸಿದವು. ಎಲ್ಲ ಗಣಕಗಳೂ ಒಪ್ಪುವ ಒಂದೇ ಸಂಕೇತ ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಆದರೆ ವಿಂಡೋಸ್ ಕನ್ನಡವನ್ನು ತನ್ನೊಳಗೆ ಸೇರಿಸಿಕೊಂಡದ್ದು 2001ರ ಎಕ್ಸ್‌ಪಿಯಲ್ಲಿ. ಆದ್ದರಿಂದ ಹಳೆಯ ಲ್ಯಾಪ್‌ಟಾಪಿನಲ್ಲಿ ಹಳೆಯ ನುಡಿ, ಬರಹಗಳ ಕಡತಗಳಿದ್ದರೆ, ವ್ಯವಸ್ಥೆ ಬದಲಿಸುವ ಮುನ್ನ ಅವನ್ನು ಯುನಿಕೋಡಿಗೆ ಪರಿವರ್ತಿಸಿ ಬೇರೆಡೆ ಇಟ್ಟುಕೊಳ್ಳಿ. ಡ್ರೈವರನ್ನು ಮತ್ತೆ ಹುಡುಕಬಹುದು; ಅಜ್ಜಿ ಹೇಳಿ ಬರೆಸಿದ ಹಾಡುಗಳನ್ನು ಮತ್ತೆ ತರುವುದು ಕಷ್ಟ.

ಹೆಸರು ನಂಬಬೇಡಿ, ಸಂಖ್ಯೆ ನೋಡಿ

ಹರಪನಹಳ್ಳಿಯನ್ನೇ ನೋಡಿ. 1953ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ. ಆ ವರ್ಷ ಮೈಸೂರು ರಾಜ್ಯಕ್ಕೆ ಸೇರ್ಪಡೆ. 1997ರಲ್ಲಿ ದಾವಣಗೆರೆ ಜಿಲ್ಲೆ, 2018ರಲ್ಲಿ ಮರಳಿ ಬಳ್ಳಾರಿ, 2021ರಲ್ಲಿ ವಿಜಯನಗರ ಜಿಲ್ಲೆ. ಊರು ಒಂದು ಗೇಣೂ ಕದಲಿಲ್ಲ. ಕಡತ ಹೋಗುವ ದಾರಿ ಮಾತ್ರ ಬದಲಾಗುತ್ತ ಬಂತು. ಆದರೆ ದಾವಣಗೆರೆ ಜಿಲ್ಲೆಯಲ್ಲಿದ್ದಾಗಲೂ ಅದರ ಪಿನ್‌ಕೋಡ್ ಬಳ್ಳಾರಿಯ ಕಡೆಯ 583ರಿಂದಲೇ ಆರಂಭವಾಗುತ್ತಿತ್ತು.

ಲ್ಯಾಪ್‌ಟಾಪಿನ ಬಿಡಿಭಾಗಗಳಿಗೂ ಇಂಥ ಪಿನ್‌ಕೋಡ್ ಇದೆ. ಒಂದೇ ಮಾದರಿಯ ಎರಡು ಲ್ಯಾಪ್‌ಟಾಪುಗಳಲ್ಲಿ ವೈ-ಫೈ ಚಿಪ್ ಬೇರೆ ಬೇರೆ ಇರಬಹುದು. ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆದು, ಹಳದಿ ಗುರುತಿರುವ ಸಾಧನದ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಪುಟಕ್ಕೆ ಹೋಗಿ, ಹಾರ್ಡ್‌ವೇರ್ ಐಡಿ ಆರಿಸಿ. ಅಲ್ಲಿ ತಯಾರಕರಿಗೆ ನಾಲ್ಕು ಅಂಕಿ-ಅಕ್ಷರಗಳ ಒಂದು ಸಂಖ್ಯೆ, ಸಾಧನಕ್ಕೆ ಅಂಥದೇ ಇನ್ನೊಂದು ಸಂಖ್ಯೆ ಇರುತ್ತವೆ. ತಯಾರಕರ ಸಂಖ್ಯೆ 8086 ಎಂದಿದ್ದರೆ ಅದು ಇಂಟೆಲ್. 1978ರಲ್ಲಿ ಆ ಕಂಪನಿ ತಂದ ಪ್ರಸಿದ್ಧ ಚಿಪ್ಪಿನ ಹೆಸರೇ ಅದರ ಗುರುತಾಗಿ ಉಳಿದಿದೆ.

ಇನ್ನು ಕ್ರಮವಾಗಿ ಮಾಡಬೇಕಾದದ್ದು ಇಷ್ಟು:

ಮೊದಲನೆಯದಾಗಿ, ಹಳೆಯ ವ್ಯವಸ್ಥೆ ಇನ್ನೂ ಓಡುತ್ತಿರುವಾಗಲೇ ಈ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಿಮ್ಮ ಕಡತಗಳ ಪ್ರತಿಯನ್ನು ಹೊರಗೆ ತೆಗೆದಿಡಿ.

ಎರಡನೆಯದಾಗಿ, ವೈ-ಫೈ ಡ್ರೈವರನ್ನು ಮುಂಚೆಯೇ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಇಂಟರ್‌ನೆಟ್ಟಿಗೆ ಡ್ರೈವರ್ ಬೇಕು, ಡ್ರೈವರಿಗೆ ಇಂಟರ್‌ನೆಟ್ ಬೇಕು ಎಂಬ ಇಕ್ಕಟ್ಟಿನಲ್ಲಿ ಸಿಲುಕಿದರೆ, ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಇಂಟರ್‌ನೆಟ್ ಹಂಚಿಕೊಳ್ಳಬಹುದು.

ಮೂರನೆಯದಾಗಿ, ಮೊದಲು ವಿಂಡೋಸ್ ಅಪ್‌ಡೇಟ್, ಆಮೇಲೆ ಲ್ಯಾಪ್‌ಟಾಪ್ ತಯಾರಕರ ತಾಣ, ಕೊನೆಗೆ ಚಿಪ್ ತಯಾರಕರ ತಾಣ ಹೀಗೆ ಹುಡುಕಿ. ಹೊಸ ವ್ಯವಸ್ಥೆಗೆ ಡ್ರೈವರ್ ಇಲ್ಲದಿದ್ದರೆ ಅದರ ಹಿಂದಿನ ಆವೃತ್ತಿಯದನ್ನು ಪ್ರಯತ್ನಿಸಬಹುದು. 32, 64 ಬಿಟ್‌ಗಳ ಲೆಕ್ಕ ಮಾತ್ರ ತಪ್ಪಕೂಡದು. ‘ಎಲ್ಲ ಡ್ರೈವರುಗಳನ್ನೂ ಒಂದೇ ಒತ್ತಿಗೆ ಹಾಕಿಕೊಡುತ್ತೇವೆ’ ಎನ್ನುವ ಅಪರಿಚಿತ ಪ್ರೋಗ್ರಾಮುಗಳನ್ನು ಹತ್ತಿರ ಸೇರಿಸಬೇಡಿ. ಡ್ರೈವರ್ ಎಂದರೆ ಯಂತ್ರದ ತಿರುಳಿಗೆ ಕೊಡುವ ಬೀಗದ ಕೈ; ಅದನ್ನು ದಾರಿಹೋಕರ ಕೈಗೆ ಕೊಡುವವರುಂಟೆ?

ನಾಲ್ಕನೆಯದಾಗಿ, ಏನೂ ಒದಗದಿದ್ದರೆ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ. ಒಳಗಿನ ಡಿಸ್ಕನ್ನು ಮುಟ್ಟದೆಯೇ ಸದ್ದು, ಪರದೆ, ವೈ-ಫೈ ಮೂರನ್ನೂ ಪರೀಕ್ಷಿಸಬಹುದು. ಕೆಲವು ವೈ-ಫೈ ಚಿಪ್ಪುಗಳಿಗೆ ಫರ್ಮ್‌ವೇರ್ ಎಂಬ ಇನ್ನೊಂದು ತುಣುಕು ಬೇಕಾಗುವುದುಂಟು.

ಇಷ್ಟಾದರೂ ಕೆಲವು ಯಂತ್ರಗಳು ಒಗ್ಗದೆ ಉಳಿಯಬಹುದು. ಆದರೆ ಹತ್ತಾರು ಸಾವಿರ ರೂಪಾಯಿಯ ಹೊಸ ಯಂತ್ರಕ್ಕೆ ಮನೆಯವರನ್ನು ಕೇಳುವ ಮುನ್ನ ಒಂದು ಸಂಜೆಯನ್ನು ಈ ಹುಡುಕಾಟಕ್ಕೆ ಕೊಡಿ. ಸಿಕ್ಕಿದ ಡ್ರೈವರುಗಳನ್ನು ಸಂಖ್ಯೆಯ ಸಮೇತ ಒಂದು ಪೆನ್‌ಡ್ರೈವಿನಲ್ಲಿ ಇಟ್ಟು ಕಾಲೇಜಿಗೆ ಒಯ್ಯಿರಿ. ಅದೇ ಮಾದರಿಯ ಲ್ಯಾಪ್‌ಟಾಪ್ ನಿಮ್ಮ ತರಗತಿಯಲ್ಲಿ ಇನ್ನೊಬ್ಬರ ಬಳಿಯೂ ಇರುವುದು ತೀರ ಸಾಧ್ಯ.