ಮುರಕಲ್ಲಿಗೆ ಲ್ಯಾಟಿನ್ ಹೆಸರು

ಊರ ಮನೆಗೆ ಸಿಮೆಂಟು ಬಳಿಸುತ್ತಾ ಅಪ್ಪ ಅಂದ್ರು, "ಮುರಕಲ್ಲು ಕಂಡ್ರೆ ನಾಚ್ಕೆ ಆಗ್ತದೆ ಮಾರಾಯ."

ನಾಚ್ಕೆ ಯಾಕೆ? ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರ್ ಸುತ್ತಿ ವರದಿ ಮಾಡಲು ಕಂಪನಿಯವರು ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಿದರು. ಮಲಬಾರಿನ ಅಂಗಡಿಪುರಂನಲ್ಲಿ ಅವನು ಈ ಕಲ್ಲನ್ನು ನೋಡಿದ. ನೆಲದೊಳಗೆ ಮೆತ್ತಗೆ, ಹತಾರದಲ್ಲಿ ಕಡಿಯಬಹುದು. ಗಾಳಿಗೆ ಬಿಟ್ಟರೆ ಇಟ್ಟಿಗೆಗಿಂತ ಗಟ್ಟಿ. ಊರವರು ಇಟ್ಟಿಗೆ ಕಲ್ಲು ಅಂತಿದ್ರು. 1807ರ ಪುಸ್ತಕದಲ್ಲಿ ಅವನು ಅದನ್ನೇ ಲ್ಯಾಟಿನ್‌ಗೆ ಹೊರಳಿಸಿ 'ಲ್ಯಾಟರೈಟ್' ಅಂದ. ಹೆಸರು ಪುಸ್ತಕದವನದ್ದಾಯ್ತು, ಕಲ್ಲು ಕಡಿದವರದ್ದಲ್ಲ!

ಕೆಂಪು, ತೂತು ತೂತು, ಗುರುತು ಸುಲಭ. ಮಳೆ ಬಂಡೆಯ ಸಿಲಿಕಾವನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂ ಉಳಿಸುತ್ತದೆ. ಒಣಗಿದಾಗ ಬಿಗಿಯುವುದು ಆ ಕಬ್ಬಿಣವೇ.

ಅಪ್ಪ ಎಲ್ಲ ಕೇಳಿ ಎದುರಿನ ಗೋಡೆ ಹಾಗೇ ಬಿಡಿಸಿದ್ರು. ಹಿತ್ತಿಲದ್ದು ಆಗಲೇ ಬಳಿದಾಗಿತ್ತು.