ಆಳ ನೋಡಿ ಆಯ್ಕೆ: ಫ್ಲೋರೈಡ್ ಸೀಮೆಯ ಕಂದು ಹಲ್ಲು ಮತ್ತು ಅದರ ಚಿಕಿತ್ಸೆ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಹಳ್ಳಿಗಳಿಂದ ದಂತ ಕ್ಲಿನಿಕ್ಕಿಗೆ ಬರುವ ಹರೆಯದವರಲ್ಲಿ ಒಂದು ಅಭ್ಯಾಸ ಎದ್ದು ಕಾಣುತ್ತದೆ. ನಗು ಬಂದರೆ ಸಾಕು, ಕೈ ತಾನಾಗಿಯೇ ಬಾಯಿಗೆ ಅಡ್ಡ ಹೋಗುತ್ತದೆ. ಮೇಲಿನ ಎರಡು ಮುಂಬಲ್ಲುಗಳಿಗೆ ಅಡ್ಡಲಾಗಿ ಕಂದು ಪಟ್ಟೆ, ಅದರ ಸುತ್ತ ಸುಣ್ಣ ಬಳಿದಂಥ ಮಚ್ಚೆ. ಉಪ್ಪು, ಇದ್ದಿಲು, ಇಟ್ಟಿಗೆ ಪುಡಿ ಎಲ್ಲವನ್ನೂ ಹಾಕಿ ತಿಕ್ಕಿ ಆಗಿರುತ್ತದೆ. ಮನೆಯಲ್ಲಿ ಸಂಬಂಧ ನೋಡಲು ಶುರು ಮಾಡಿದಾಗ ಡಾಕ್ಟರ ನೆನಪಾಗುತ್ತದೆ. ಕುರ್ಚಿಯಲ್ಲಿ ಕೂರುವ ಮೊದಲೇ ಬೇಡಿಕೆ ಸಿದ್ಧ: "ಎಲ್ಲಕ್ಕೂ ಕ್ಯಾಪ್ ಹಾಕಿಬಿಡಿ ಸಾರ್."

ಆ ಬೇಡಿಕೆ ಬಹಳ ಸಲ ತಪ್ಪು ಎಂಬುದು ಈ ಲೇಖನದ ವಾದ. ಕಲೆ ಎಷ್ಟು ಕಪ್ಪಾಗಿದೆ ಎನ್ನುವುದಕ್ಕಿಂತ ಎಷ್ಟು ಆಳಕ್ಕಿಳಿದಿದೆ ಎನ್ನುವುದು ಚಿಕಿತ್ಸೆಯನ್ನು ನಿರ್ಧರಿಸಬೇಕು.

ಈ ಕಲೆಗೆ ಒಂದು ಚರಿತ್ರೆಯಿದೆ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಕ್ಲಿನಿಕ್ ತೆರೆದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲೇ ಹುಟ್ಟಿ ಬೆಳೆದವರ ಹಲ್ಲು ಕಂದಾಗಿರುವುದನ್ನು ಕಂಡು ಬೆರಗಾದರು. ಕಾರಣ ಸಿಕ್ಕಿದ್ದು ಮೂವತ್ತು ವರ್ಷಗಳ ಮೇಲೆ. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ 1931ರಲ್ಲಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪತ್ತೆ ಮಾಡಿದರು. ಭಾರತದಲ್ಲಿ 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಫ್ಲೋರೋಸಿಸ್ (ಅತಿ ಫ್ಲೋರೈಡಿನಿಂದ ಬರುವ ತೊಂದರೆ) ಬಗ್ಗೆ ಬರೆದರು. ನಮ್ಮ ಬಯಲುಸೀಮೆಯದೂ ಅದೇ ಕತೆ. ಗ್ರಾನೈಟ್ ಮತ್ತು ನೈಸ್ ಬಂಡೆಗಳ ಖನಿಜಗಳಲ್ಲಿರುವ ಫ್ಲೋರೈಡ್, ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಇಳಿಯುತ್ತದೆ. ತೆರೆದ ಬಾವಿ ಬತ್ತಿ ಬೋರ್‌ವೆಲ್ ಆಳಕ್ಕೆ ಹೋದಂತೆ ಜನ ಕುಡಿಯುವುದು ಈ ನೀರನ್ನೇ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದ ಮಿತಿ. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸೈರಿಸಬಹುದು.

ಹಲ್ಲಿನ ಹೊರಕವಚವಾದ ಎನಾಮಲ್ ಬಲಿಯುವ ಹೊತ್ತಿನಲ್ಲಿ ಅದರೊಳಗಿನ ಪ್ರೋಟೀನು ಹೊರಬಿದ್ದು ಆ ಜಾಗದಲ್ಲಿ ಖನಿಜ ತುಂಬಿಕೊಳ್ಳಬೇಕು. ಫ್ಲೋರೈಡ್ ಹೆಚ್ಚಾದರೆ ಪ್ರೋಟೀನು ತಡವಾಗಿ ಹೋಗುತ್ತದೆ. ತೀರ ಮೇಲಿನ ಪದರ ಗಟ್ಟಿಯಾಗಿಯೇ ಇರುತ್ತದೆ, ಕೆಳಗಡೆ ಮಾತ್ರ ಸೂಕ್ಷ್ಮ ರಂಧ್ರಗಳು ಉಳಿದುಬಿಡುತ್ತವೆ. ಹಲ್ಲು ಹುಟ್ಟಿದಾಗ ಕಾಣುವುದು ಬಿಳಿ ಮಚ್ಚೆ. ಕಂದು ಬಣ್ಣ ಆ ರಂಧ್ರಗಳಿಗೆ ಆಮೇಲೆ ವರ್ಷಗಟ್ಟಲೆ ಇಳಿದದ್ದು. ಇಟ್ಟಿಗೆ ಪುಡಿ ಸೋಲುವುದು ಇದಕ್ಕೇ. ಅದು ಮೇಲಿನ ಗಟ್ಟಿ ಪದರವನ್ನು ಸವೆಸುತ್ತದೆ, ಕಲೆಯನ್ನು ಮುಟ್ಟುವುದಿಲ್ಲ. 1978ರಲ್ಲಿ ಥೈಲ್‌ಸ್ಟ್ರಪ್ ಮತ್ತು ಫೆಯೆರ್‌ಸ್ಕೊವ್ ರೂಪಿಸಿದ 0ಯಿಂದ 9ರವರೆಗಿನ ತೀವ್ರತೆಯ ಶ್ರೇಣಿ ಮೇಲ್ನೋಟವನ್ನು ಎನಾಮಲ್ಲಿನ ಒಳಸ್ಥಿತಿಗೆ ಜೋಡಿಸಿ ನೋಡುತ್ತದೆ. ಚಿಕಿತ್ಸೆ ಆಯ್ಕೆಗೆ ಇದಕ್ಕಿಂತ ಒಳ್ಳೆಯ ದಿಕ್ಸೂಚಿ ಸಿಗುವುದು ಕಷ್ಟ.

ಮೇಲುಮೇಲಿನ ಕಂದು ಕಲೆಗೆ ಮೊದಲ ಮದ್ದು ಮೈಕ್ರೊಅಬ್ರೇಶನ್. 1980ರ ದಶಕದಲ್ಲಿ ಥಿಯೋಡೋರ್ ಕ್ರಾಲ್ ಇದನ್ನು ಪ್ರಚಾರಕ್ಕೆ ತಂದರು. ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ಉಜ್ಜುಪುಡಿಯ ಲೇಪವನ್ನು ರಬ್ಬರ್ ಕಪ್‌ನಿಂದ ಕೆಲವೇ ಸೆಕೆಂಡು ಉಜ್ಜಿ, ತೊಳೆದು, ನೋಡಿ, ಬೇಕಿದ್ದರೆ ಮತ್ತೆ ಉಜ್ಜುವುದು. ಒಸಡಿಗೆ ಆಮ್ಲ ತಾಗದಂತೆ ರಬ್ಬರ್ ಹಾಳೆ ಕಟ್ಟಿರಲೇಬೇಕು. ಹೋಗುವ ಎನಾಮಲ್ ಮಿಲಿಮೀಟರಿನ ಒಂದೆರಡು ದಶಾಂಶವಷ್ಟೇ. ಇದರ ಜೊತೆಗೋ ಆಮೇಲೋ ಬ್ಲೀಚಿಂಗ್ ಮಾಡಬಹುದು. 1989ರಲ್ಲಿ ಹೇವುಡ್ ಮತ್ತು ಹೇಮನ್ ವರದಿ ಮಾಡಿದ ವಿಧಾನದಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ಲನ್ನು ಹಲ್ಲಿನ ಅಚ್ಚಿಗೆ ತುಂಬಿ ರಾತ್ರಿ ಹಾಕಿಕೊಂಡು ಮಲಗಬೇಕು. ಇದು ಕಂದನ್ನು ತಿಳಿ ಮಾಡುತ್ತದೆ, ಬಿಳಿ ಮಚ್ಚೆಯನ್ನು ಅಳಿಸುವುದಿಲ್ಲ. ಮೊದಲ ದಿನಗಳಲ್ಲಿ ಮಚ್ಚೆ ಇನ್ನಷ್ಟು ಬೆಳ್ಳಗಾಗಿ ರೋಗಿ ಗಾಬರಿಯಾಗುವುದೂ ಉಂಟು. ಮೊದಲೇ ಹೇಳದ ಡಾಕ್ಟರಿಗೆ ಫೋನು ತಪ್ಪುವುದಿಲ್ಲ.

ಬಿಳಿ ಮಚ್ಚೆಯ ಗುಟ್ಟು ಬೆಳಕಿನದು. ಗಟ್ಟಿ ಎನಾಮಲ್ಲಿನ ವಕ್ರೀಭವನಾಂಕ ಸುಮಾರು 1.62, ನೀರಿನದು 1.33, ಗಾಳಿಯದು 1. ರಂಧ್ರದಲ್ಲಿ ನೀರೋ ಗಾಳಿಯೋ ಇದ್ದರೆ ಬೆಳಕು ಚದುರಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಹಲ್ಲು ಒಣಗಿದಾಗ ಮಚ್ಚೆ ಎದ್ದು ಕಾಣುವುದೂ ಇದರಿಂದಲೇ. ರಂಧ್ರಕ್ಕೆ 1.52ರ ಹತ್ತಿರದ ತೆಳು ರೆಸಿನ್ ಇಳಿಸಿದರೆ ವ್ಯತ್ಯಾಸ ತಗ್ಗಿ ಮಚ್ಚೆ ಸುತ್ತಲಿನ ಬಣ್ಣದಲ್ಲಿ ಕರಗುತ್ತದೆ. ರೆಸಿನ್ ಇನ್‌ಫಿಲ್ಟ್ರೇಶನ್ ಎನ್ನುವುದು ಇದನ್ನೇ. ಶೇ. 15ರ ಆಮ್ಲದ ಜೆಲ್ ಎರಡು ನಿಮಿಷ, ತೊಳೆದು ಒಣಗಿಸಿ ಮೇಲೊಂದು ತೊಟ್ಟು ಎಥನಾಲ್. ಆ ತೊಟ್ಟು ಬಿದ್ದಾಗ ಮಚ್ಚೆ ಮಸುಕಾದರೆ ರೆಸಿನ್ನಿಗೂ ಮಸುಕಾದೀತು. ಹಾಗೇ ಉಳಿದರೆ ಇನ್ನೊಮ್ಮೆ ಆಮ್ಲ ಹಚ್ಚಬೇಕು. ಕೆಲಸ ಮುಗಿಯುವ ಮೊದಲೇ ಫಲ ಹೇಳುವ ಇಂಥ ಪರೀಕ್ಷೆ ದಂತವೈದ್ಯದಲ್ಲಿ ಅಪರೂಪ. ಕನ್ನಡಿ ಹಿಡಿದು ರೋಗಿಗೂ ಅದನ್ನು ತೋರಿಸುವುದು ಒಳ್ಳೆಯದು.

ಹಲ್ಲಿನ ಮೈಯಲ್ಲಿ ಗುಳಿ ಬಿದ್ದಿದ್ದರೆ ಇವು ಸಾಲವು. ಆಗ ಹಲ್ಲಿನ ಬಣ್ಣದ ಕಾಂಪೊಸಿಟ್ ತುಂಬಬೇಕು, ಇಲ್ಲವೇ ಹಲ್ಲಿನ ಮುಂಭಾಗಕ್ಕೆ ತೆಳು ಹೊದಿಕೆಯಾದ ವೆನೀರ್ ಅಂಟಿಸಬೇಕು. ವೆನೀರ್ ಹುಟ್ಟಿದ್ದೇ ಕ್ಯಾಮೆರಾಗಾಗಿ. 1928ರ ಹೊತ್ತಿಗೆ ಹಾಲಿವುಡ್‌ನ ದಂತವೈದ್ಯ ಚಾರ್ಲ್ಸ್ ಪಿಂಕಸ್ ನಟನಟಿಯರ ಹಲ್ಲಿನ ಮೇಲೆ ತೆಳು ಮುಖವಾಡ ಕೂರಿಸುತ್ತಿದ್ದರು. ಶೂಟಿಂಗ್ ಮುಗಿದರೆ ಅದನ್ನು ತೆಗೆದಿಡಬೇಕಿತ್ತು. 1955ರಲ್ಲಿ ಮೈಕೆಲ್ ಬ್ಯುನೊಕೋರ್ ಎನಾಮಲ್ಲಿಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ಅಂಟು ಹಿಡಿಸುವ ದಾರಿ ತೋರಿದರು. 1980ರ ದಶಕದಲ್ಲಿ ಪಿಂಗಾಣಿಗೂ ಅದೇ ಬಗೆಯ ಉಪಚಾರ ಬಂದು ವೆನೀರ್ ಕಾಯಂ ಆಯಿತು. ಇನ್ಸ್‌ಬ್ರಕ್‌ನ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 318 ವೆನೀರ್‌ಗಳ ಬಾಳಿಕೆ ಹತ್ತು ವರ್ಷಕ್ಕೆ ಶೇ. 93.5, ಇಪ್ಪತ್ತು ವರ್ಷಕ್ಕೆ ಸುಮಾರು ಶೇ. 83. ಆದರೆ ಅಂಟು ಚೆನ್ನಾಗಿ ಹಿಡಿಯುವುದು ಗಟ್ಟಿ ಎನಾಮಲ್ಲಿಗೆ. ತೀವ್ರ ಫ್ಲೋರೋಸಿಸ್‌ನ ಹಲ್ಲಿನಲ್ಲಿ ಅದೇ ದುರ್ಬಲ.

ಇನ್ನು ಕ್ಯಾಪ್. ಮುಂಬಲ್ಲಿನ ಕಾಣುವ ಭಾಗದಲ್ಲಿ ವೆನೀರಿಗೆ ಶೇ. 3ರಿಂದ 30ರಷ್ಟು ತೆಗೆದರೆ, ಪೂರ್ತಿ ಕ್ಯಾಪ್‌ಗೆ ಶೇ. 63ರಿಂದ 72ರಷ್ಟು ಕೊರೆಯಬೇಕಾಗುತ್ತದೆ ಎಂದು ಎಡಲ್‌ಹಾಫ್ ಮತ್ತು ಸೊರೆನ್ಸನ್ 2002ರಲ್ಲಿ ತೂಗಿ ಲೆಕ್ಕ ಕೊಟ್ಟರು. ಹತ್ತರಲ್ಲಿ ಏಳು ಪಾಲು ಹಲ್ಲನ್ನು ಪುಡಿ ಮಾಡಿ ತೊಳೆದು ಬಿಡುವುದೆಂದರೆ ಸಣ್ಣ ಮಾತಲ್ಲ. ಕಂದು ಹಲ್ಲಿಗೆ ಹುಳುಕು ಕಡಿಮೆ ಎಂಬುದನ್ನು ಮೆಕೇ ಆಗಲೇ ಗಮನಿಸಿದ್ದರು. ಎಂದರೆ ಬಣ್ಣ ಬಿಟ್ಟರೆ ಬೇರೆ ದೋಷವಿಲ್ಲದ ಹಲ್ಲನ್ನು ಇಪ್ಪತ್ತೊಂದರ ಹುಡುಗಿಗೆ ಕೊರೆದರೆ, ಮುಂದಿನ ಐವತ್ತು ವರ್ಷಗಳಲ್ಲಿ ಅವಳು ಆ ಕ್ಯಾಪನ್ನು ಹಲವು ಸಲ ಬದಲಿಸಬೇಕಾದೀತು, ನಡುವೆ ರೂಟ್ ಕೆನಾಲ್ ಬಂದರೂ ಬಂತು. ಮೇಲೆ ಹೇಳಿದ ತೀವ್ರತೆಯ ಶ್ರೇಣಿಯ 8, 9ರಲ್ಲಿ, ಎನಾಮಲ್ ಚಕ್ಕೆ ಎದ್ದು ಹಲ್ಲಿನ ಆಕಾರವೇ ಕೆಟ್ಟಾಗ, ಕ್ಯಾಪ್ ಸರಿ. ಮದುವೆಗೆ ಮೂರು ವಾರ ಇದೆ ಎನ್ನುವುದು ಮಾತ್ರ ಕಾರಣವಾಗಬಾರದು.

ಫ್ಲೋರೋಸಿಸ್ ಹಲ್ಲಿನ ಈ ಚಿಕಿತ್ಸೆಗಳನ್ನು ಸೌಂದರ್ಯ ಚಿಕಿತ್ಸೆ ಎಂದು ಕರೆಯುವುದು ಸರಿಯೇ? 2017ರ ಜಿಎಸ್‌ಟಿ ಅಧಿಸೂಚನೆ ಆರೋಗ್ಯ ಸೇವೆಯ ವಿನಾಯಿತಿಯಿಂದ ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ಹೊರಗಿಟ್ಟಿದೆ. ಆದರೆ ಹುಟ್ಟಿನ ದೋಷ, ಬೆಳವಣಿಗೆಯ ದೋಷ, ಗಾಯ ಇವುಗಳಿಂದ ಕೆಟ್ಟದ್ದನ್ನು ಸರಿಪಡಿಸುವುದನ್ನು ಒಳಗೇ ಉಳಿಸಿಕೊಂಡಿದೆ. ಫ್ಲೋರೋಸಿಸ್ ಹಲ್ಲು ಬೆಳೆಯುವಾಗ ಆದ ದೋಷವೇ. ಊರಿನ ನೀರು ಕೆಡಿಸಿದ ಹಲ್ಲನ್ನು ಶೋಕಿಯ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲ.

ಕುರ್ಚಿಯಲ್ಲಿ ಕೂರುವವರು ಕೇಳಬೇಕಾದ್ದು ಇಷ್ಟೇ: ನನ್ನ ಹಲ್ಲು ಎಷ್ಟು ಹೋಗುತ್ತದೆ, ಇದಕ್ಕಿಂತ ಕಡಿಮೆ ಹೋಗುವ ದಾರಿ ಪ್ರಯತ್ನಿಸಿ ಆಯಿತೇ? ಬ್ಲೀಚಿಂಗ್ ಮಾಡಿಸಿದ್ದರೆ ಕಾಂಪೊಸಿಟ್ ಅಥವಾ ವೆನೀರಿಗೆ ಮೊದಲು ಎರಡು ವಾರ ಬಿಡುವು ಕೇಳಿ; ಹಲ್ಲಿನಲ್ಲಿ ಉಳಿದ ಆಮ್ಲಜನಕ ಅಂಟು ಹಿಡಿಯಲು ಬಿಡುವುದಿಲ್ಲ. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಅದರ ಶಾಶ್ವತ ಮುಂಬಲ್ಲಿನ ಎನಾಮಲ್ ಈಗ ಒಸಡಿನೊಳಗೆ ತಯಾರಾಗುತ್ತಿರುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನು ದೊಡ್ಡವರ ಲೋಟಕ್ಕಷ್ಟೇ ಇಡದೆ ಮಗುವಿನ ಗಂಜಿಗೂ ಬಳಸಿ. ಬೋರ್‌ವೆಲ್ ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.