ಬಸಿರು, ಆರೈಕೆ ಮತ್ತು ಮಿದುಳಿನ ಪ್ರತಿಕ್ರಿಯೆ

ಕೂಸಿನ ಅಳುವಿಗೆ ತಾಯಿಯ ಮಿದುಳು ಓಗೊಡುವ ಬಗೆ ಬಸಿರಿನಲ್ಲೇ ಸಿದ್ಧವಾಗುತ್ತದೆಯೋ, ಕೂಸನ್ನು ಎತ್ತಿ ಆಡಿಸುತ್ತ ಕೈಗೂಡುತ್ತದೆಯೋ? ಹೆತ್ತವಳೇ ಸಾಮಾನ್ಯವಾಗಿ ಸಾಕುವವಳೂ ಆಗಿರುವುದರಿಂದ ಇವೆರಡನ್ನು ಬಿಡಿಸಿ ನೋಡುವುದು ಕಷ್ಟ.

ಜೇ ರೋಸೆನ್‌ಬ್ಲಾಟ್ 1967ರಲ್ಲಿ ಇದನ್ನು ಇಲಿಗಳಲ್ಲಿ ಬಿಡಿಸಿ ತೋರಿಸಿದರು. ಎಂದೂ ಬಸಿರಾಗದ ಇಲಿಗಳು, ಅಂಡಾಶಯ ತೆಗೆದ ಇಲಿಗಳು, ಕೊನೆಗೆ ಗಂಡಿಲಿಗಳು ಕೂಡ ಮರಿಗಳೊಂದಿಗೆ ಕೆಲವು ದಿನ ಕಳೆದ ಮೇಲೆ ಅವನ್ನು ನೆಕ್ಕಿ, ಕಚ್ಚಿಕೊಂಡು ಗೂಡಿಗೆ ತರತೊಡಗಿದವು. ಮರುವರ್ಷ ಟರ್ಕೆಲ್ ಮತ್ತು ರೋಸೆನ್‌ಬ್ಲಾಟ್ ಆಗಷ್ಟೇ ಈದ ಇಲಿಯ, ಹಾರ್ಮೋನುಗಳಿರುವ ರಕ್ತದ ಪ್ಲಾಸ್ಮಾವನ್ನು ಬಸಿರಾಗದ ಇಲಿಗಳಿಗೆ ಚುಚ್ಚಿದಾಗ ಆ ಕಾಯುವಿಕೆಯೂ ಕಿರಿದಾಯಿತು. ಹಾರ್ಮೋನು ಬಾಗಿಲು ತೆರೆಯುವುದಕ್ಕಿಂತ ಹೆಚ್ಚಾಗಿ ಕಲಿಕೆಯನ್ನು ಚುರುಕುಗೊಳಿಸುತ್ತದೆ ಎಂದೇ ನನ್ನ ಓದು.

2015ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಬಿಯಾಂಕಾ ಮಾರ್ಲಿನ್, ರಾಬರ್ಟ್ ಫ್ರೋಮ್ಕೆ ಮತ್ತು ಸಂಗಡಿಗರು ಸುಂಡಿಲಿಗಳಲ್ಲಿ ಇದರ ಜಾಡು ಹಿಡಿದರು. ಗೂಡಿನಿಂದ ಹೊರಬಿದ್ದ ಮರಿಯ ಶ್ರವಣಾತೀತ ಕೂಗಿಗೆ ತಾಯಿಯ ಎಡ ಶ್ರವಣ ತೊಗಟೆಯಲ್ಲಿ ಉದ್ದೀಪನ ಮತ್ತು ತಡೆ ಎರಡೂ ಸಮಯ ತಪ್ಪದೆ ಹೊಂದಿಕೊಂಡಿರುತ್ತವೆ. ಬಸಿರಾಗದವುಗಳಲ್ಲಿ ಆ ಹೊಂದಿಕೆ ಇಲ್ಲ. ಆ ತೊಗಟೆಗೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಒದಗಿಸಿದಾಗ ಅವೂ ಬೇಗ ಮರಿ ತರಲು ಕಲಿತವು. ಆದರೆ ಅನುಭವಸ್ಥ ತಾಯಂದಿರಲ್ಲಿ ಆಕ್ಸಿಟೋಸಿನ್ ಗ್ರಾಹಕಗಳನ್ನು ತಡೆದರೂ ಮರಿ ತರುವ ಕೆಲಸ ನಿಲ್ಲಲಿಲ್ಲ.

ಮನುಷ್ಯರಲ್ಲಿ ಪುರಾವೆ ಬೇರೆ ಬಗೆಯದು. ಎಲ್ಸೆಲೀನ್ ಹೂಕ್ಸೆಮಾ, ಸುಸಾನಾ ಕಾರ್ಮೋನಾ ಮತ್ತಿತರರು ಬಾರ್ಸಿಲೋನಾದಲ್ಲಿ 25 ಚೊಚ್ಚಲು ತಾಯಂದಿರ ಮಿದುಳನ್ನು ಬಸಿರಿಗೆ ಮುಂಚೆ ಮತ್ತು ಹೆರಿಗೆಯ ನಂತರ ಎಂಆರ್‌ಐನಲ್ಲಿ ಅಳೆದರು. ಇತರರ ಮನಸ್ಸನ್ನು ಗ್ರಹಿಸಲು ನೆರವಾಗುವ ಭಾಗಗಳಲ್ಲಿ ಬೂದು ದ್ರವ್ಯದ ಗಾತ್ರ ಕುಗ್ಗಿತ್ತು. ಜೊತೆಗೆ ಪರೀಕ್ಷಿಸಿದ 19 ಹೊಸ ತಂದೆಯರಲ್ಲಿ ಇಂಥ ಬದಲಾವಣೆ ಕಾಣಲಿಲ್ಲ. ಕುಗ್ಗುವಿಕೆ ಎಂದೊಡನೆ ಬಾಣಂತಿಯ ಮರೆವನ್ನು ನೆನೆಯುವುದು ಅವಸರ: ಸ್ಮೃತಿ ಪರೀಕ್ಷೆಯಲ್ಲಿ ಇಳಿಕೆ ಕಾಣಲಿಲ್ಲ, ಗಾತ್ರ ಹೆಚ್ಚು ಕುಗ್ಗಿದವರಲ್ಲಿ ಮಗುವಿನೊಡನೆ ಬಾಂಧವ್ಯ ಹೆಚ್ಚೇ ಇತ್ತು. ಎರಡು ವರ್ಷದ ಬಳಿಕವೂ ಬದಲಾವಣೆ ಬಹುಪಾಲು ಉಳಿದಿತ್ತು. ಅದು ನರಕೊಂಡಿಗಳ ಸವರುವಿಕೆಯೋ ಬೇರೇನೋ ಎಂಬುದನ್ನು ಎಂಆರ್‌ಐ ಚಿತ್ರವೊಂದರಿಂದ ಹೇಳಲಾಗದು.

ಹಾಗೆಂದು ತಂದೆಯ ಮಿದುಳು ಬದಲಾಗುವುದೇ ಇಲ್ಲವೆನ್ನಲಾಗದು. ಇಸ್ರೇಲಿನಲ್ಲಿ ಇಯಾಲ್ ಅಬ್ರಹಾಂ, ರುತ್ ಫೆಲ್ಡ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿಯಿಲ್ಲದೆ ಮಗುವನ್ನು ಸಾಕುತ್ತಿದ್ದ ಸಲಿಂಗಿ ತಂದೆಯರ ಅಮಿಗ್ಡಾಲಾ (ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಭಾಗ) ಮಗುವಿಗೆ ತಾಯಂದಿರಷ್ಟೇ ತೀವ್ರವಾಗಿ ಸ್ಪಂದಿಸಿತು. ತಂದೆಯರೆಲ್ಲರಲ್ಲೂ, ಅಮಿಗ್ಡಾಲಾಕ್ಕೂ ಸಾಮಾಜಿಕ ಸುಳಿವು ಓದುವ ಕಪೋಲ ಭಾಗಕ್ಕೂ ಇರುವ ನಂಟು, ಮಗುವಿನ ಆರೈಕೆಗೆ ಅವರು ಕೊಡುತ್ತಿದ್ದ ಸಮಯಕ್ಕೆ ಅನುಗುಣವಾಗಿತ್ತು. ಬಾರ್ಸಿಲೋನಾದ್ದು ರಚನೆಯ ಅಳತೆ, ಇದು ಪ್ರತಿಕ್ರಿಯೆಯ ಅಳತೆ. ಒಂದರ ಫಲಿತಾಂಶದಿಂದ ಇನ್ನೊಂದನ್ನು ತಳ್ಳಿಹಾಕಲು ಬಾರದು.